ಮೀಸೆ ಕಾಕಾ ಕುಡಿದ ಸವಳು ನೀರು

ನಾನು ಚಿಕ್ಕವಳಿದ್ದಾಗ ನನಗೊಬ್ಬ ವೈರಿ ಇದ್ದ. ಅವನು ನಮ್ಮಪ್ಪನಿಗಿಂತ ದೊಡ್ಡವನು, ಕೆರೆಯಾಚೆಯ ಊರಿನವನು. ಇಷ್ಟುದ್ದ ಮೀಸೆ ಬಿಟ್ಟಿದ್ದರಿಂದ ಎಲ್ಲರೂ ಅವನನ್ನು ಮೀಸೆ ಕಾಕಾ ಎನ್ನುತ್ತಿದ್ದರು. ಅವನು ಸತ್ತು ಎಷ್ಟೋ ವರ್ಷವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುತ್ತೇನೆ, ಕೇಳಿರಿ ಮಕ್ಕಳೇ.

ನಮ್ಮದು ನವಲಗುಂದ ಸೀಮೆಯ ಎರೆಭೂಮಿ. ಬಾವಿ ತೋಡಿದರೆ ಸವಳು ನೀರು, ನಾಲಿಗೆಗೆ ಉಪ್ಪುಪ್ಪು. ಸಿಹಿನೀರು ಇದ್ದದ್ದು ಒಂದೇ ಕೆರೆಯಲ್ಲಿ, ಅದೂ ನಮ್ಮೂರಿಗೂ ಆಚೆ ಊರಿಗೂ ನಡುವೆ, ತಾಲೂಕಿನ ಗಡಿಯ ಮೇಲೆ. ಕೆರೆ ಕಾಯುವ ಪಾಳಿ ಒಮ್ಮೆ ಅವರದು, ಒಮ್ಮೆ ನಮ್ಮದು. ಚಪ್ಪಲಿ ಮೆಟ್ಟಿ ನೀರಿಗೆ ಇಳಿಯುವಂತಿಲ್ಲ, ದನ ಇಳಿಸುವಂತಿಲ್ಲ. ತಪ್ಪಿದರೆ ಆ ಮನೆಗೆ ಕೆರೆ ಬಂದ್. ಪಾಪ ಅಂತ ಅವರಿಗೆ ನೀರು ಕೊಟ್ಟ ಮನೆಗೂ ಬಂದ್.

ಬೇಸಿಗೆಯ ಕೊನೆಗೆ ಎರಡೂ ಊರಿನವರು ಸೇರಿ ಹೂಳು ತೆಗೆಯುತ್ತಿದ್ದರು. ಹೂಳು ಬಿದ್ದ ಹೊಲದಲ್ಲಿ ಜೋಳ ಆಳೆತ್ತರ ಬರುತ್ತಿತ್ತು, ಹಾಗಾಗಿ ಅದು ಎಲ್ಲರಿಗೂ ಬೇಕು. ಆದರೆ ನಮ್ಮ ಚಕ್ಕಡಿಗೆ ಅವರು ತುಂಬಬೇಕು, ಅವರ ಚಕ್ಕಡಿಗೆ ನಾವು ತುಂಬಬೇಕು. ತನ್ನ ಚಕ್ಕಡಿಗೆ ತಾನೇ ತುಂಬಿಕೊಂಡರೆ ಯಾರ ಕೈ ನಿಲ್ಲುತ್ತದೆ? ಅಂದು ಕುಡಿಯುವ ನೀರೂ ಅಷ್ಟೇ. ಅವರಿಗೆ ನಾವು ಕೊಡಬೇಕು, ನಮಗೆ ಅವರು. ತನ್ನ ಮನೆಯವರು ಕುಡಿಯುವ ನೀರನ್ನೇ ಕೊಡಬೇಕು, ಚಾಚಿದ ತಂಬಿಗೆಯನ್ನು ಯಾರೂ ಬೇಡ ಎನ್ನಬಾರದು. ಬೇಡವೆಂದರೆ ಅವನ ಇಡೀ ಊರಿಗೆ ಆ ವರ್ಷದ ಹೂಳಿಲ್ಲ.

ಒಂದು ಬೆಳಗ್ಗೆ ಅಕ್ಕ ಹೊಸ ಮಣ್ಣಿನ ಕೊಡ ಹೊತ್ತು ಕೆರೆಗೆ ಹೊರಟಳು, ಹಿಂದೆ ನಾನು. ಚಪ್ಪಲಿಗಳನ್ನು ದಂಡೆಯ ಮೇಲೆ ಬಿಟ್ಟು ಕೆಳಗಿಳಿದೆವು. ನೋಡಿದರೆ ಕೆರೆಯ ನಡುವೆ ಒಂದು ಎಮ್ಮೆ ಆರಾಮವಾಗಿ ಬಿದ್ದುಕೊಂಡಿದೆ, ನೀರೆಲ್ಲ ರಾಡಿ. ಪಾಳಿಯ ಮೇಲಿದ್ದ ಮೀಸೆ ಕಾಕಾ ಅದನ್ನು ಬಡಿದು ಬಡಿದು ಎಬ್ಬಿಸುತ್ತಿದ್ದಾನೆ. ಎಮ್ಮೆ ಅವನದೇ. ಅದನ್ನು ದಂಡೆಯಂಚಿನ ಆಪು ಹುಲ್ಲಿನ ಮರೆಗೆ ಓಡಿಸುವುದಕ್ಕೂ ದಂಡೆಯ ಮೇಲೆ ಹೆಂಗಸರು ಬರುವುದಕ್ಕೂ ಸರಿಹೋಯಿತು. ಅವನು ನಮ್ಮ ಚಪ್ಪಲಿಗಳತ್ತ ಕೈ ಮಾಡಿ, ಈ ಹುಡುಗಿ ಮೆಟ್ಟಿಕೊಂಡೇ ಇಳಿದು ನೀರು ಕಲಕಿದಳು, ನನ್ನನ್ನು ಕಂಡು ಈಗ ಬಿಚ್ಚಿಟ್ಟಳು ಎಂದು ಕೂಗಾಡಿದ. ಅಕ್ಕ ಬಾಯಿ ತೆರೆಯುವ ಮೊದಲೇ ಕೊಡ ಕಿತ್ತುಕೊಂಡು ಕಲ್ಲಿಗೆ ಅಪ್ಪಳಿಸಿದ. ಎಮ್ಮೆ ನೋಡಿದವರು ನಾವಿಬ್ಬರೇ. ಎಮ್ಮೆ, ಎಮ್ಮೆ ಅಂತ ನಾನು ಗಂಟಲು ಹರಿಯುವಂತೆ ಅತ್ತೆ. ಮೂಗು ಸೋರುವ ಹುಡುಗಿಯ ಮಾತು ಯಾರಿಗೆ ಬೇಕು?

ಕೆರೆ ನಮಗೆ ಬಂದ್ ಆಯಿತು. ಎರಡೂ ಊರಿನ ಹಿರಿಯರು ಕೂಡುವುದು ಹೂಳಿನ ದಿನವೇ, ಅಲ್ಲಿಯವರೆಗೆ ಕೇಳುವವರಿಲ್ಲ. ಸವಳು ನೀರಿನಲ್ಲಿ ಬೇಳೆ ಬೇಯಲೊಲ್ಲದು, ಚಹಾ ಒಡೆಯುತ್ತಿತ್ತು. ಕುಡಿದಷ್ಟೂ ನೀರಡಿಕೆ. ಓಣಿಯ ಹೆಂಗಸರು ಅಕ್ಕನನ್ನು ಕಂಡರೆ ಕೆರೆ ಹೊಲಸು ಮಾಡಿದವಳು ಎನ್ನುತ್ತಿದ್ದರು. ಆ ಮಾತಿಗೆ ಅವಳು ಊಟ ಬಿಟ್ಟಳು. ಅಪ್ಪ ದೇವರು ನೋಡಿಕೊಳ್ಳುತ್ತಾನೆ ಅಂದರು. ದೇವರು ಯಾವಾಗ ನೋಡುತ್ತಾನೋ ಏನೋ, ನನಗಂತೂ ಆ ಕಾಕಾನ ಮೀಸೆಗೆ ಬೆಂಕಿ ಇಡಬೇಕು ಅನ್ನಿಸುತ್ತಿತ್ತು.

ಹೂಳಿನ ದಿನ ಬಂತು. ಬಿಸಿಲು ನೆತ್ತಿ ಸುಡುತ್ತಿತ್ತು, ಕೆರೆಯ ತುಂಬ ಹಸಿ ಮಣ್ಣಿನ ವಾಸನೆ. ಮಧ್ಯಾಹ್ನ ಎಲ್ಲರೂ ರೊಟ್ಟಿ, ಕೆಂಪು ಖಾರದ ಚಟ್ನಿ ತಿಂದು ಬೊಗಸೆಯೊಡ್ಡಿ ಕೂತರು. ಅಕ್ಕ ಮನೆಯಿಂದ ಹೊತ್ತು ತಂದ ಕೊಡ ಇಳಿಸಿ, ತಂಬಿಗೆ ತುಂಬಿಕೊಂಡು ಸೀದಾ ಮೀಸೆ ಕಾಕಾನ ಎದುರು ನಿಂತಳು. ಖಾರಕ್ಕೆ ಅವನ ಕಣ್ಣಲ್ಲಿ ನೀರು. ಗಟಗಟ ಒಂದು ಬೊಗಸೆ ಕುಡಿದವನೇ ಮುಖ ಕಿವುಚಿದ.

“ಇದು ಸವಳ ಐತಿ.”

“ಹೌದ್ರಿ ಕಾಕಾ,” ಅಂದಳು ಅಕ್ಕ. “ನಮ್ಮ ಮನ್ಯಾಗ ಕುಡಿಯೂದು ಇದನ್ನ.”

ಅವನು ಎರಡನೆಯ ಬೊಗಸೆಯನ್ನೂ ಕುಡಿಯಬೇಕಾಯಿತು. ಆಚೆ ಊರಿನ ಹಿರಿಯಜ್ಜ ಎದ್ದು ಬಂದು, ಸಿಹಿನೀರು ಯಾಕೆ ತರಲಿಲ್ಲ ಎಂದು ಕೇಳಿದ. ಅಕ್ಕ ತಂಬಿಗೆ ಕೆಳಗಿಡಲಿಲ್ಲ.

“ತರಾಕ ಬಿಟ್ಟಿಲ್ರಿ ಅಜ್ಜಾರ. ಕೆರ್ಯಾಗ ಇಳದಿದ್ದು ಎಮ್ಮಿ, ಒಡದಿದ್ದು ನನ್ನ ಕೊಡ. ಯಾರ ಎಮ್ಮಿ ಅಂತ ಕಾಕಾ ಹೇಳೂತನಾ ನಾ ಹಾಕ್ತಿರ್ತೀನ್ರಿ, ಅವರು ಕುಡೀತಿರ್ಲಿ.”

ಅಪ್ಪ ಕಣ್ಸನ್ನೆ ಮಾಡಿದರು. ಅಕ್ಕ ಸೊಪ್ಪು ಹಾಕಲಿಲ್ಲ, ನೀರು ಸುರಿದಳು, ಮತ್ತೆ ಸುರಿದಳು. ಬೇಡ ಎಂದರೆ ಅವನ ಊರಿನ ಹೂಳು ಹೋಗುತ್ತದೆ, ಊರವರು ಅವನ ಚರ್ಮ ಸುಲಿಯುತ್ತಾರೆ. ಕುಡಿದ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಡೆಗೆ ನೆಲ ನೋಡುತ್ತ, ಎಮ್ಮೆ ನಂದೇ ಅಂದ.

ಹಿರಿಯಜ್ಜನ ಮುಖ ಸಪ್ಪಗಾಯಿತು. ಕೆರೆ ನಿಮಗೆ ಇವತ್ತಿನಿಂದ ಬಿಚ್ಚಿತು ಎಂದು ಅಪ್ಪನಿಗೆ ಹೇಳಿದ. ಇನ್ನು ಬಂದ್ ಆಗಬೇಕಾದದ್ದು ಮೀಸೆ ಕಾಕಾನ ಮನೆಗೆ. ಆದರೆ ಹಬ್ಬದಂಥ ದಿನ ನೋಡು, ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡೋಣವೇ ಎಂದು ಅಕ್ಕನನ್ನೇ ಕೇಳಿದ. ಎಲ್ಲರೂ ಅವಳ ಬಾಯಿ ನೋಡಿದರು.

“ಬ್ಯಾಡ್ರಿ,” ಅಂದಳು ಅಕ್ಕ. “ನಾವು ಕುಡದಷ್ಟ ದಿನ ಅವರೂ ಕುಡೀಲಿ.”

ಹಾಗೇ ಆಯಿತು. ನನ್ನ ಹೊಟ್ಟೆ ತಣ್ಣಗಾಯಿತು ನೋಡಿರಿ! ಆ ಸಂಜೆ ಮೀಸೆ ಕಾಕಾನ ಚಕ್ಕಡಿಗೆ ಹೂಳು ತುಂಬಿದವರು ಅಪ್ಪನೇ. ಒಂದು ಬುಟ್ಟಿ ಕಡಿಮೆ ಮಾಡಲಿಲ್ಲ. ಅದು ಊರಿಗೂ ಊರಿಗೂ ಇದ್ದ ಮಾತು. ಅವನ ಮನೆಯಲ್ಲಿ ಚಹಾ ಒಡೆಯುತ್ತಿದೆಯಂತೆ ಎಂಬ ಸುದ್ದಿ ಬಂದಾಗಲೆಲ್ಲ ನಾನೂ ಅಕ್ಕನೂ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದೆವು.

ಈಗ ನಿಮ್ಮ ಮನೆಯ ನಲ್ಲಿಗೆ ಎಲ್ಲಿಂದಲೋ ಪೈಪಿನಲ್ಲಿ ನೀರು ಬರುತ್ತದೆ, ಆಚೆ ಊರಿಗೂ ಬರುತ್ತದೆ. ಕೆರೆಯಲ್ಲಿ ಜಾಲಿ ಬೆಳೆದಿದೆ, ಹೂಳು ತೆಗೆಯುವವರಿಲ್ಲ. ಆಚೆ ಊರಿನ ಒಬ್ಬರ ಹೆಸರೂ ನಿಮಗೆ ಗೊತ್ತಿಲ್ಲ, ಜಗಳವೂ ಇಲ್ಲ. ಹೋದ ವಾರ ನಲ್ಲಿ ನಿಂತುಹೋದಾಗ ನೀವು ಫೋನ್ ಹಚ್ಚಿ ಯಾರನ್ನೋ ಬೈದಿರಿ. ಆ ಕಡೆ ಮಾತಾಡಿದ್ದು ಮನುಷ್ಯನೂ ಅಲ್ಲ, ಮೊದಲೇ ತುಂಬಿಟ್ಟ ದನಿ. ಒಂದು ಒತ್ತಿ, ಎರಡು ಒತ್ತಿ ಅನ್ನುತ್ತಿತ್ತು. ಪಾಪದ ಮಕ್ಕಳೇ, ನಿಮ್ಮ ನೀರು ನಿಲ್ಲಿಸಿದವನು ಯಾರೆಂದು ನಿಮಗೆ ಗೊತ್ತೇ ಆಗುವುದಿಲ್ಲ. ಸೇಡು ತೀರಿಸಿಕೊಳ್ಳಲು ನಮಗೊಂದು ಮುಖವಾದರೂ ಇತ್ತು.