ಕೊಕ್ಕಿಗೆ ಕೊಕ್ಕು ಇಟ್ಟ ಗಂಡಭೇರುಂಡ

ಹುಣಸೂರಿನ ಪೇಟೆ ಬೀದಿಯ ಅಬ್ದುಲ್ ಅಜೀಜ್ ಬಣ್ಣದ ಕಾಗದದ ಕೆಲಸದವನು. ಮದುವೆ ಚಪ್ಪರಕ್ಕೆ ಜೋಡಿ ಗಿಳಿ ಬೇಕೆಂದರೆ ಅವನೇ ಆಗಬೇಕು. ಕಾಗದವನ್ನು ನಡುವೆ ಮಡಿಸಿ, ಮಡಿಕೆಯ ಕಡೆಗೆ ಕೊಕ್ಕು ಬರುವಂತೆ ಒಂದೇ ಗಿಳಿ ಕತ್ತರಿಸುವನು. ಬಿಚ್ಚಿದರೆ ಎರಡು ಗಿಳಿ, ಮುತ್ತಿಡುವ ಹಾಗೆ.

ಮಹಾರಾಜರ ಕಾಲದ ದಸರೆ. ಊರ ಚೌಕಕ್ಕೆ ಮಾವಿನ ತೋರಣ, ಬಾಳೆಕಂದು ಕಟ್ಟುವುದು ಅಪ್ಪನ ಕಾಲದಿಂದಲೂ ಗಾಡಿ ಚಲುವಯ್ಯನ ಪಾಲಿನದು. ಆ ವರ್ಷ ಊರ ಯಜಮಾನರಿಗೆ ಮೈಸೂರಿನಲ್ಲಿರುವಂಥ ಬಿದಿರು-ಕಾಗದದ ಕಮಾನಿನ ಆಸೆ ಹತ್ತಿತು. ಮೇಲೆ ಅರಮನೆಯ ಗಂಡಭೇರುಂಡ ಇರಲಿ ಎಂದು ಕೆಲಸವನ್ನು ಅಜೀಜನಿಗೆ ಒಪ್ಪಿಸಿದರು. ಚಲುವಯ್ಯ ಕಾಕನಕೋಟೆ ಕಾಡಿನಿಂದ ಬಿದಿರು ಹೇರಿಕೊಂಡು ಬಂದು ಅಜೀಜನ ಕಾಲ ಬಳಿ ಕೆಡವಿ ಹೋದ.

ಕಮಾನು ಎದ್ದ ಬೆಳಿಗ್ಗೆ ಜನ ಕತ್ತೆತ್ತಿ ನೋಡಿದರು. ಗಂಡಭೇರುಂಡದ ತಲೆಗಳು ಒಂದೊಂದು ದಿಕ್ಕಿಗೆ ತಿರುಗಿರಬೇಕು. ಅಜೀಜನ ಕೈ ಗಿಳಿಯ ರೂಢಿಯಲ್ಲೇ ಓಡಿತ್ತು. ಒಂದೇ ಮೈಯ ಎರಡು ತಲೆ ಕೊಕ್ಕಿಗೆ ಕೊಕ್ಕು ಇಟ್ಟು ನಿಂತಿದ್ದವು.

“ನೋಡ್ರಪ್ಪೋ, ದೊರೆಗಳ ಅಕ್ಕೀನ ಕಚ್ಚಾಡಕ್ಕೆ ಬುಟ್ಟವ್ನೆ,” ಎಂದ ಚಲುವಯ್ಯ.

“ತಪ್ಪಾಯ್ತು ಕಣ್ರೀ ಚಲುವಯ್ಯನೋರೆ. ಇಳಿಸಿ ಬೇರೆ ಕತ್ತರಿಸ್ತೀನಿ.”

“ಯಾವ ಕೈಲಿ ಕತ್ತರಿಸೋದ್ಲಾ? ತೋರ್ಸು ನೋಡಾವ.”

ಏಣಿಗೆ ಕಾಲಿಟ್ಟಿದ್ದ ಅಜೀಜನನ್ನು ಚಲುವಯ್ಯ ಎಳೆದು ಕೆಡವಿ, ಕಂಬದ ಗುಂಡಿ ತೋಡಿದ್ದ ಹಾರೆಯನ್ನು ಬಲಗೈ ಮೇಲೆ ಇಳಿಸಿದ. ಹಸಿ ಬಿದಿರು ಸೀಳಿದಂಥ ಸದ್ದು ಬಂತು. ಮತ್ತೆ ಎತ್ತಿ ಇಳಿಸಿದ. ಜೊತೆಯ ಗಾಡಿಯವರು ಕಮಾನನ್ನು ಕಿತ್ತು, ಅದೇ ಬಿದಿರ ಗಳಗಳಿಂದ ಅವನ ಬೆನ್ನು, ಮೊಣಕಾಲು ಎನ್ನದೆ ಬಡಿದರು. ಕಮಾನಿನ ಗುಲಾಬಿ ಬಣ್ಣದ ಕಾಗದವೆಲ್ಲ ರಕ್ತ ಕುಡಿದು ಕಪ್ಪಾಯಿತು.

ಅಜೀಜನ ಹೆಂಡತಿ ಬಷೀರಾಬಿ ಮನೆಯಿಂದ ದೊಡ್ಡ ಕತ್ತರಿ ಹಿಡಿದು ಬಂದಳು. ಗುಂಪಿನೊಳಗೆ ನುಗ್ಗಿ ಚಲುವಯ್ಯನ ಎಡಗಿವಿಯನ್ನು ಕಾಗದ ಕತ್ತರಿಸಿದಂತೆ ಕತ್ತರಿಸಿದಳು. ಹಾರೆ ಅವನ ಕೈಯಿಂದ ಬಿತ್ತು. ಆಮೇಲೆ ಯಾರೂ ಹೊಡೆಯಲಿಲ್ಲ.

ಆ ದಸರೆ ಚೌಕ ಬೋಳಾಗಿಯೇ ಕಳೆಯಿತು. ಮುರಿದ ಕೈಗೆ ಕಟ್ಟು ಹಾಕಿಸಿದರೂ ಅಜೀಜನ ಬೆರಳುಗಳು ಮತ್ತೆ ಕತ್ತರಿಯ ಕಣ್ಣಿಗೆ ಹೊಗಲಿಲ್ಲ.

ಮರುವರ್ಷ ಯಜಮಾನರು, ಅಜೀಜ್, ಚಲುವಯ್ಯ ಇಬ್ಬರೂ ಸೇರಿ ಕಟ್ಟಿದರೆ ಕಮಾನು, ಇಲ್ಲವಾದರೆ ಯಾರಿಗೂ ಇಲ್ಲ ಎಂದರು. ಅಜೀಜ್ ಎಡಗೈಯಲ್ಲಿ ಗೆರೆ ಎಳೆದ, ಬಷೀರಾಬಿ ಕತ್ತರಿಸಿದಳು. ಬಿದಿರು ತಂದ ಚಲುವಯ್ಯ ಅವಳ ಕತ್ತರಿಯಿಂದ ದೂರವೇ ನಿಂತು ಕೇಳಿದ:

“ಮೂತಿ ಎತ್ಲಾಗೆ ಮಾಡಿದ್ದೀರಿ?”

“ಒಂದು ನಿಮ್ ಕಡೀಕೆ, ಒಂದು ನಮ್ ಕಡೀಕೆ,” ಎಂದಳು. “ಒಂದರ ಮುಖ ಇನ್ನೊಂದು ನೋಡಾಂಗಿಲ್ಲ.”

ಅಜೀಜ್ ಇರುವ ತನಕ ಕಮಾನು ಹಾಗೆಯೇ ಎದ್ದಿತು. ಒಂದು ಕಂಬಕ್ಕೆ ಅವನು, ಇನ್ನೊಂದಕ್ಕೆ ಚಲುವಯ್ಯ, ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ, ಬೆನ್ನು ಕೊಟ್ಟು ಎತ್ತುತ್ತಿದ್ದರು.