ಬೆನ್ನಿಗೆ ಬೆನ್ನು ಹಚ್ಚಿದ ಚಳಿಗಾಲಗಳು

ಮೃಗಶಿರಾ ಮಳೆಯ ಮೊದಲ ಹನಿ ಬೀಳುವುದಕ್ಕೆ ಮುಂಚೆ ನನ್ನ ಕ್ಯಾಮೆರಾದ ಲೆನ್ಸುಗಳೆಲ್ಲ ನಮ್ಮ ಅಡುಗೆಮನೆಯ ದೊಡ್ಡದೊಂದು ಸ್ಟೀಲಿನ ಡಬ್ಬಿಯೊಳಗೆ ಹೋಗಿ ಕೂತುಬಿಡುತ್ತವೆ. ತೇವಕ್ಕೆ ಗಾಜಿನ ಮೇಲೆ ಬೂಷ್ಟು ಬೆಳೆದರೆ ಲೆನ್ಸು ಕೆಟ್ಟಂತೆಯೇ ಲೆಕ್ಕ. ಗಾಳಿಯಾಡದ ಮುಚ್ಚಳವಿರುವ ಡಬ್ಬಿ ಮನೆಯಲ್ಲಿ ಅದೊಂದೇ. "ನಮ್ಮ ತವರುಮನಿಯವ್ರು ಚಕ್ಕಲಿ ತುಂಬಿ ಕೊಟ್ಟ ಡಬ್ಬಿರೀ ಅದು. ಈಗ ನೋಡ್ರಿ, ಅದರಾಗ ಗಾಜಿನ ಚಕ್ಕಲಿ!" ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ಆ ಡಬ್ಬಿಯ ಮುಚ್ಚಳವನ್ನು ನಾನು ಮತ್ತೆ ತೆಗೆಯುವುದು ಸ್ವಾತಿ ಮಳೆ ಹಿಂದೆ ಸರಿದು, ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರಾದರೊಬ್ಬರು ಮುಂಜಾನೆ ತಲೆಗೆ ಮಫ್ಲರ್ ಸುತ್ತಿಕೊಂಡು ಕಂಡ ದಿನ. ಅಲ್ಲಿಯವರೆಗೆ ಕಾಯುವುದೇ ನನ್ನ ಕಸುಬು.

ಹೊಟ್ಟೆಗೆ ಅನ್ನ ಕೊಡುವ ಕಸುಬು ಬೇರೆಯೇ ಇದೆಯೆನ್ನಿ. ಸಣ್ಣದೊಂದು ಸ್ಟುಡಿಯೋ, ಮದುವೆ, ಸೀಮಂತ, ಶಾಲೆಯ ಗುಂಪು ಫೋಟೋ. ಆದರೆ ಓದುಗ ಮಿತ್ರರೇ, ಮನುಷ್ಯನಿಗೆ ಬದುಕುವುದಕ್ಕೊಂದು ಕಸುಬು ಇದ್ದಂತೆ ಹಂಬಲಿಸುವುದಕ್ಕೂ ಒಂದು ಬೇಕಾಗುತ್ತದೆ. ನನ್ನದು ಬಯಲಿನ ಆಟಗಳ ಫೋಟೋ ತೆಗೆಯುವುದು. ಲಕ್ಷ್ಮೇಶ್ವರದ ಖೋ ಖೋ, ಶಿರಹಟ್ಟಿಯ ಕಡೆಯ ಕುಸ್ತಿ, ಕೊರ್ಲಹಳ್ಳಿಯ ಹೊಳೆದಂಡೆಯ ಮರಳಿನಲ್ಲಿ ಹುಡುಗರ ಕಬಡ್ಡಿ, ಎಲ್ಲವನ್ನೂ ಹಿಡಿದಿದ್ದೇನೆ. ಎಲ್ಲಕ್ಕಿಂತ ಹೆಚ್ಚಾಗಿ ಸೈಕಲ್ ರೇಸು. ಇವೆಲ್ಲಕ್ಕೂ ಚಳಿಗಾಲವೇ ಆಗಬೇಕು. ಬೇಸಿಗೆಯ ನಮ್ಮ ಬಿಸಿಲು ನೆತ್ತಿಯ ಮೇಲೆ ನಿಂತು ಎಲ್ಲರ ಮುಖವನ್ನೂ ಒಂದೇ ತರಹ ಬಡಿದು ಸಪ್ಪಗೆ ಮಾಡಿಬಿಡುತ್ತದೆ. ಚಳಿಗಾಲದ ಸೂರ್ಯ ಹಾಗಲ್ಲ, ಬೀಗರ ಮನೆಗೆ ಬಂದವನ ಹಾಗೆ ತಲೆ ಬಗ್ಗಿಸಿಕೊಂಡು, ಎಳೆಜೋಳದ ತೆನೆಗಳ ಮಟ್ಟದಲ್ಲೇ ನಡೆದು ಬರುತ್ತಾನೆ. ಆ ಓರೆ ಬೆಳಕಿನಲ್ಲಿ ಕಪ್ಪತಗುಡ್ಡದ ಮಗ್ಗುಲಿನ ಮಂಜು, ಕಡಲೆ ಹೊಲದ ಹುಳಿ ಇಬ್ಬನಿ, ಸೈಕಲ್ ತುಳಿಯುವವರ ಕೊರಳಿನ ನರ, ಯಾವುದೂ ಮುಚ್ಚಿಟ್ಟುಕೊಳ್ಳುವುದಿಲ್ಲ.

ಚಳಿಗಾಲಕ್ಕಾಗಿ ಯಾಕಿಷ್ಟು ಹಾತೊರೆಯುತ್ತೀಯೆಂದು ಯಾರಾದರೂ ಕೇಳಿದರೆ ಬೆಳಕಿಗಾಗಿ ಎಂದೇ ನಾನು ಬಹಳ ವರ್ಷ ಹೇಳುತ್ತಿದ್ದೆ. ಅದು ಅರ್ಧ ಮಾತು ಎಂದು ತಿಳಿಸಿಕೊಟ್ಟವನು ಈರಣ್ಣ.

ಈರಣ್ಣ ನನ್ನ ಶಾಲೆಯ ಗೆಳೆಯ. ಬೆಟಗೇರಿಯಲ್ಲಿ ಅವನದೊಂದು ಕಿರಾಣಿ ಅಂಗಡಿ, ತಂದೆಯ ಕಾಲದ್ದು. ಸೈಕಲ್ ರೇಸಿನ ಫೋಟೋ ತೆಗೆಯಬೇಕಾದರೆ ಸವಾರರ ಮುಂದೆ ಮುಂದೆ ಮೋಟಾರ್ ಸೈಕಲ್ಲಿನಲ್ಲಿ ಸಾಗಬೇಕು. ಫೋಟೋ ತೆಗೆಯುವವನು ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂರಬೇಕು. ಹಾಗೆ ಕೂತವನನ್ನು ಗುಂಡಿಯಲ್ಲಿ ಕೆಡವದೆ, ಹಿಂದೆ ಬರುವವರಿಗೆ ಅಡ್ಡಿಯಾಗದೆ ಗಾಡಿ ಓಡಿಸುವುದಕ್ಕೆ ಹದವಾದ ಕೈ ಬೇಕು. ಆ ಕೈ ಈರಣ್ಣನದಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ಚಳಿಗಾಲ ನಾವು ಬೆನ್ನಿಗೆ ಬೆನ್ನು ಹಚ್ಚಿ ಕೂತು ಈ ಸೀಮೆಯ ರಸ್ತೆಗಳನ್ನೆಲ್ಲ ಸುತ್ತಿದ್ದೇವೆ. ಬೆಳಗಿನ ಗಾಳಿಗೆ ಬೆರಳು ಮರಗಟ್ಟುತ್ತಿದ್ದವು, ಕಿವಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬೆನ್ನು ಮಾತ್ರ ಬೆಚ್ಚಗಿರುತ್ತಿತ್ತು. ಮಾತಿಗೆ ಗಾಳಿ ಬಿಡುತ್ತಿರಲಿಲ್ಲ. ಎಡಕ್ಕೆ ಸರಿಯಬೇಕಾದರೆ ಎಡಭುಜದಿಂದ ಒತ್ತುತ್ತಿದ್ದೆ, ನಿಧಾನವೆನ್ನಲು ತಲೆಯಿಂದ ಅವನ ತಲೆಗೆ ಸಣ್ಣಗೆ ಗುದ್ದುತ್ತಿದ್ದೆ. ಹೊಂಬಳದ ರಸ್ತೆಯಲ್ಲಿ ಒಮ್ಮೆ ಎಮ್ಮೆಯೊಂದು ಅಡ್ಡ ಬಂದಾಗ ಅವನು ಬ್ರೇಕು ಒತ್ತುವುದಕ್ಕಿಂತ ಮೊದಲು ಅವನ ಬೆನ್ನು ಬಿಗಿಯಾದದ್ದು ನನಗೆ ತಿಳಿದಿತ್ತು.

ಹೋದ ವರ್ಷ ಮಳೆಗಾಲದ ನಡುವೆ, ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ಬೆಲ್ಲ ತೂಗುತ್ತಿದ್ದಾಗಲೇ ಈರಣ್ಣನಿಗೆ ಎದೆ ಹಿಡಿದುಕೊಂಡಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು. ಆದರೆ ಹೃದಯ ದುರ್ಬಲವಾಗಿದೆ, ಚಳಿಯ ಮುಂಜಾನೆ ಮೋಟಾರ್ ಸೈಕಲ್ಲಿನ ಕುಲುಕಾಟ ಇನ್ನು ಸಲ್ಲದು ಎಂದು ವೈದ್ಯರು ಖಂಡಿತವಾಗಿ ಹೇಳಿದರು. ನಾನು ನೋಡಲು ಹೋದಾಗ ಅವನ ಹೆಂಡತಿ ಗಂಗಾ ವೈನಿ ಮಂಚದ ತುದಿಗೆ ಕೂತು ಮೋಸಂಬಿ ಸುಲಿಯುತ್ತಿದ್ದರು. ನಾನು, "ನಮ್ಮ ರೇಸ್ ನೋಡೋ ದಿನಾ ಮುಗದ್ವಲ್ಲೋ ಈರಣ್ಣ" ಎಂದುಬಿಟ್ಟೆ.

ಅವನು ಸೂರು ನೋಡುತ್ತ ಮಲಗಿದ್ದವನು ನನ್ನ ಕಡೆ ತಿರುಗಿದ.

"ನೀ ನೋಡಿದೆಲೇ. ನಾ ಎಲ್ಲಿ ನೋಡೀನಿ?"

ನನಗೆ ಅರ್ಥವಾಗಲಿಲ್ಲ.

"ಖರೇನ ಹೇಳ್ತೀನಿ. ಇಷ್ಟ ವರ್ಷ ಗಾಡಿ ಹೊಡದೀನಿ, ಒಂದ್ ಸಲಾನೂ ರೇಸ್ ನೋಡಿಲ್ಲ ನಾ. ಹಿಂದಿನವ್ರ ಕಣ್ಣಿಗೆ ಬಿಸಿಲು ಹೊಡೀತೈತಂತ ಕನ್ನಡಿ ಸುದ್ದಾ ಬಿಚ್ಚಿಸಿದಿ. ಹಿಂದ ಬರೋರ ಸಪ್ಪಳ ಅಷ್ಟ ನನಗ."

"ಫೋಟೋ ಎಲ್ಲಾ ತೋರಿಸ್ತಿದ್ನಲ್ಲೋ?"

"ಫೋಟೋದಾಗ ಅವ್ರು ನಿಂತಿರ್ತಾರ," ಎಂದ ಈರಣ್ಣ. ಸಿಟ್ಟಿರಲಿಲ್ಲ, ನಗುತ್ತಲೇ ಹೇಳಿದ.

ಗದಗಿಗೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನೇ ಯೋಚಿಸಿದೆ. ಒಂದೇ ಗಾಡಿ, ಒಂದೇ ರಸ್ತೆ, ಒಂದೇ ಹೊತ್ತು. ನನ್ನ ಪಾಲಿಗೆ ಬಂದದ್ದು ನೂರಾರು ಮುಖ. ಅವನ ಪಾಲಿಗೆ ಬಂದದ್ದು ಖಾಲಿ ಡಾಂಬರು. ಕೆಲಸವೆಂದೋ ಸ್ನೇಹವೆಂದೋ ಸಂಸಾರವೆಂದೋ ಬೆನ್ನು ತಾಗಿಸಿಕೊಂಡು ಬದುಕುವ ನಾವು, ತಾಗಿದ್ದೇವೆಂಬ ಸಮಾಧಾನದಲ್ಲೇ ಬೆನ್ನ ಹಿಂದಿನವರ ಕಣ್ಣ ಮುಂದೆ ಏನಿದೆಯೆಂದು ಕೇಳುವುದನ್ನು ಮರೆತುಬಿಡುತ್ತೇವೇನೋ. ಆ ವರ್ಷ ನಾನು ಚಳಿಗಾಲಕ್ಕಾಗಿ ಕಾದ ಹಾಗೆ ಯಾವತ್ತೂ ಕಾದಿರಲಿಲ್ಲ. ಮಘಾ ಮಳೆ, ಹುಬ್ಬಿ ಮಳೆ, ಉತ್ತರಿ ಮಳೆ ಒಂದೊಂದೂ ತನ್ನ ಸರದಿ ಮುಗಿಸಿ ಹೋಗುವುದನ್ನು, ನೆಂಟರು ಗಂಟುಮೂಟೆ ಕಟ್ಟುವುದನ್ನು ಕಾಯುವ ಬಡಮನೆಯವನ ಹಾಗೆ ಕಾದೆ. ಈರಣ್ಣನಿಗೆ ರೇಸು ತೋರಿಸಬೇಕಿತ್ತು. ಕಾಯುವಷ್ಟು ದಿನ ಅವನ ಎದೆಯೂ ಕಾಯಬೇಕಿತ್ತು.

ಕಾಯಿತು. ಥಂಡಿ ಬಂತು. ಕಪ್ಪತಗುಡ್ಡದ ಮಗ್ಗುಲಿನ ಡೋಣಿ ಊರಿನ ಏರಿನ ಮೇಲೆ ಹಾಯುವ ರೇಸು ನಿಗದಿಯಾಯಿತು. ನಡೆಸುವವರು ಬೇರೆ ಚಾಲಕನನ್ನು ಕೊಡುತ್ತೇವೆಂದರು; ಬೇಡವೆಂದೆ. ವೈದ್ಯರು ಕಾರಿನಲ್ಲಾದರೆ ಹೋಗಬಹುದೆಂದಿದ್ದರು. ಬಿಸಿಲು ಚೆನ್ನಾಗಿ ಏರಿದ ಮೇಲೆ ಈರಣ್ಣನನ್ನೂ ಗಂಗಾ ವೈನಿಯನ್ನೂ ಕೂರಿಸಿಕೊಂಡು ಹೋಗಿ, ಏರು ಮುಗಿಯುವುದಕ್ಕೆ ಇನ್ನೊಂದು ತಿರುವು ಇರುವ ಕಡೆ, ಬೇವಿನ ಮರದ ಬುಡದಲ್ಲಿ ಡೋಣಿಯವರೊಬ್ಬರು ಕೊಟ್ಟ ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ವೈನಿ ಅವನಿಗೆ ಸ್ವೆಟರಿನ ಮೇಲೊಂದು ಶಾಲು, ಶಾಲಿನ ಮೇಲೊಂದು ಮಫ್ಲರ್ ಸುತ್ತಿ, ಕಣ್ಣಷ್ಟೇ ಕಾಣುವಂತೆ ಮಾಡಿದ್ದರು. ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು.

ಮೊದಲು ಜೀಪು ಹೋಯಿತು. ಆಮೇಲೆ ಜೇನು ಎದ್ದಂಥ ಸಣ್ಣ ಗುಂಯ್ ಶಬ್ದ.

"ಈ ಸಪ್ಪಳ ನನಗ ಗೊತ್ತೈತಿ," ಎಂದು ಈರಣ್ಣ ಕುರ್ಚಿಯ ಅಂಚಿಗೆ ಸರಿದ.

ತಿರುವಿನಲ್ಲಿ ಅವರು ಕಂಡರು. ಏರಿನ ಆ ಜಾಗದಲ್ಲಿ ಯಾರೂ ಚೆಂದ ಕಾಣುವುದಿಲ್ಲ. ಬಾಯಿ ತೆರೆದು, ಹಲ್ಲು ಕಚ್ಚಿ, ಮೂಗು ಬಾಯಿ ಒಂದಾಗಿ, ಒಬ್ಬನ ಕಣ್ಣಲ್ಲಿ ನೀರು, ಇನ್ನೊಬ್ಬನ ಗಲ್ಲದ ಮೇಲೆ ಒಣಗಿದ ಜೊಲ್ಲು. ನನಗೆ ಇದು ದಿನದ ಊಟ. ಈರಣ್ಣ ಮಾತ್ರ ಮಫ್ಲರ್ ಕೆಳಗೆಳೆದು ಕಣ್ಣು ಪಿಳುಕಿಸದೆ ನೋಡುತ್ತಿದ್ದ. ಗುಂಪು ಹಾದುಹೋದ ಮೇಲೆ ಕೇಳಿದ:

"ಇಷ್ಟ ತ್ರಾಸ ಆಗತಿತ್ತೇನೋ ಇವ್ರಿಗೆ? ನಾ ಹಿಂದಿನ ಸಪ್ಪಳಾ ಕೇಳಿ, ಖುಷೀಲೆ ಬರಾಕತ್ತಾರ ಅನ್ಕೊಂಡಿದ್ದೆ."

ಹುಡುಗಿಯರ ರೇಸು ಅದರ ಹಿಂದೆಯೇ ಇತ್ತು. ಮುಂದಿನವರು ದಾಟಿದ ಕೂಡಲೇ ಹಳೆಯ ಚಟದಂತೆ ನಾನು ಚೀಲ ಹೆಗಲಿಗೇರಿಸಿದೆ. ಈರಣ್ಣ, "ಎಲ್ಲಿ ಹೊಂಟಿ? ಇನ್ನೂ ಬರೋರು ಅದಾರಲ್ಲ" ಎಂದ. ಅವನ ಮಾತಿಗೆ ನಾನು ಬೆಚ್ಚಿದೆ. ಗೆಲ್ಲುವವರ ಮುಂದೆಯೇ ಓಡುತ್ತಿದ್ದ ನಮಗಿಬ್ಬರಿಗೂ ಕೊನೆಗೆ ಬರುವವರು ಯಾರೆಂದು ಗೊತ್ತೇ ಇರಲಿಲ್ಲ. ಚೀಲ ಇಳಿಸಿದೆ. ವೈನಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ಒಬ್ಬೊಬ್ಬರಾಗಿ ಬಂದರು, ಹೋದರು. ರಸ್ತೆ ಖಾಲಿಯಾಯಿತು. ಚಹಾ ಆರಿತು.

ಆಗ ಬಂದಳು ಅವಳು. ಹೊಂಬಳದ ಹುಡುಗಿ ಎಂದು ಆಮೇಲೆ ತಿಳಿಯಿತು. ಕೆಳಗೆಲ್ಲೋ ಬಿದ್ದಿದ್ದಳು, ಮೊಣಕಾಲು ಕೆತ್ತಿ ರಕ್ತ ಪಾದದವರೆಗೆ ಇಳಿದಿತ್ತು, ಅಂಗಿಯ ಒಂದು ಮಗ್ಗುಲೆಲ್ಲ ಕರಿಮಣ್ಣು. ಸೈಕಲ್ಲು ಹಾವಿನಂತೆ ಅತ್ತಿತ್ತ ಹರಿಯುತ್ತಿತ್ತು. ಹಿಂದಿನ ಜೀಪಿನಿಂದ ಒಬ್ಬರು, "ಸಾಕವ್ವಾ, ಬಾ, ಗಾಡಿ ಹತ್ತು. ಎಲ್ಲಾರೂ ಮುಟ್ಟಿದ್ರು" ಎಂದು ಕರುಣೆಯಿಂದಲೇ ಕೂಗುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು, ಆದರೆ ಆ ತಲೆಯಾಡಿಸುವಿಕೆಯಲ್ಲೂ ಬಲ ಉಳಿದಿರಲಿಲ್ಲ. ಮುಂದಿನ ತಿರುವಿನಾಚೆ ಏನಿದೆಯೋ ಎಂಬ ಭಯ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಒಂದು ಕಾಲು ಪೆಡಲಿನಿಂದ ಕಳಚಿತು.

ಈರಣ್ಣ ಎದ್ದು ನಿಂತ.

"ಕುಂಡ್ರರೀ, ಏನಿದು," ಎಂದು ವೈನಿ ಶಾಲು ಹಿಡಿದರು. ಶಾಲು ಅವರ ಕೈಯಲ್ಲೇ ಉಳಿಯಿತು. ಅವನು ರಸ್ತೆಯ ಅಂಚಿಗೆ ನಡೆದು, ಕೂಗಲು ಉಸಿರಿಲ್ಲದ್ದರಿಂದ ಎರಡೂ ಕೈ ಮುಂದೆ ಚಾಚಿ, ಅವಳಿಗಷ್ಟೇ ಕೇಳುವಂತೆ ಹೇಳಿದ:

"ನಿಂದ್ರಬ್ಯಾಡವ್ವಾ. ಇದೊಂದ ತಿರುವು, ಮುಂದ ಪೂರಾ ಇಳಕಲ ಐತಿ. ಆ ರಸ್ತಾ ನಾ ನೋಡೀನಿ."

ಅವಳು ಅವನ ಮುಖ ನೋಡಿದಳು. ಯಾರೆಂದು ಕೇಳಲಿಲ್ಲ, ಹೌದೇ ಎನ್ನಲಿಲ್ಲ. ಕಳಚಿದ ಕಾಲನ್ನು ಪೆಡಲಿಗೆ ತಂದಳು. ಸೀಟಿನಿಂದ ಎದ್ದು, ಇಡೀ ಮೈಭಾರವನ್ನು ಒಂದೊಂದು ತುಳಿತಕ್ಕೂ ಹಾಕುತ್ತ ತಿರುವು ದಾಟಿದಳು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಚಕ್ರಗಳು ತಾವಾಗಿಯೇ ಓಡುವ ಕಿರ್ರ್ ಶಬ್ದ ಕೇಳಿಸಿತು. ಈರಣ್ಣ ರಸ್ತೆಯ ಮೇಲೆಯೇ ನಿಂತು ಅದು ಅಡಗುವವರೆಗೆ ಕೇಳಿದ. ಆಮೇಲೆ ಬಂದು ಕುರ್ಚಿಯಲ್ಲಿ ಕೂತು, ವೈನಿಯಿಂದ ಬೈಸಿಕೊಳ್ಳುತ್ತ ತಣ್ಣಗಿನ ಚಹಾ ಕುಡಿದ.

ನಾನು ತೆಗೆದದ್ದು ಒಂದೇ ಚಿತ್ರ. ಗಡಿಬಿಡಿಯಲ್ಲಿ ಸೈಕಲ್ಲಿನ ಹುಡುಗಿ ಮಸುಕಾಗಿ, ಕೈ ಚಾಚಿದ ಈರಣ್ಣ ಮಾತ್ರ ಸ್ಪಷ್ಟವಾಗಿ ಬಂದಿದ್ದಾನೆ. ಅದನ್ನು ನೋಡಿದಾಗಲೆಲ್ಲ ಅಂದುಕೊಳ್ಳುತ್ತೇನೆ: ಖಾಲಿ ರಸ್ತೆ ನೋಡುತ್ತ ಕಳೆದ ಅಷ್ಟೂ ಮುಂಜಾವುಗಳಲ್ಲಿ ಅವನ ಪಾಲಿಗೆ ಏನೂ ಬರಲಿಲ್ಲವೆಂದು ನಾನು ಮರುಗಿದ್ದು ತಪ್ಪಿರಬೇಕು. ಮುಖಗಳನ್ನೆಲ್ಲ ಬಲ್ಲ ನನ್ನಲ್ಲಿ ಅವಳಿಗೆ ಹೇಳುವಂಥದು ಒಂದು ಮಾತೂ ಇರಲಿಲ್ಲ.

ಈಗ ಮತ್ತೆ ಮಳೆಗಾಲ ಮುಗಿಯುತ್ತ ಬಂದಿದೆ. ಬಿಸಿಲಿನ ಖಾರ ಇನ್ನೂ ಇಳಿದಿಲ್ಲ. ಹಿಂಗಾರಿ ಜೋಳ ಗೇಣುದ್ದ ಎದ್ದಿದೆ, ಅದು ನನ್ನ ಎದೆಮಟ್ಟ ಬರುವಷ್ಟರಲ್ಲಿ ಥಂಡಿ ಬರಬೇಕು. ಮುಂಜಾನೆ ಅಂಗಳಕ್ಕೆ ಬಂದರೆ ಗಾಳಿ ಯಾವ ದಿಕ್ಕಿನದೆಂದು ಮುಖ ಒಡ್ಡಿ ನೋಡುತ್ತೇನೆ. ಇನ್ನು ಮೇಲೆ ನನ್ನ ಬೆನ್ನು ಬೆಚ್ಚಗಿರುವ ಚಳಿಗಾಲ ಬಾರದು, ಗೊತ್ತು. ಆ ಬೆಚ್ಚನೆಗಾಗಿ ಜೀವ ಒಮ್ಮೊಮ್ಮೆ ಹಿಂಡುತ್ತದೆ. ಆದರೂ ಕಾಯುತ್ತೇನೆ.

ಈರಣ್ಣನಂತೂ ನನಗಿಂತ ಮೊದಲೇ ಕಾಯತೊಡಗಿದ್ದಾನೆ. ಹೊಂಬಳದ ಹುಡುಗಿ ದಿನಾ ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದಾಳೆಂಬ ಖಬರು ಅಂಗಡಿಗೆ ಬರುವ ಗಿರಾಕಿಗಳಿಂದ ಅವನಿಗೆ ತಲುಪಿದೆ. ಮುಂಜಾನೆ ವೈನಿ ಅವನನ್ನು ಹೊಸ್ತಿಲು ದಾಟಗೊಡುವುದಿಲ್ಲ, ಇಂದು ಬೆಳಿಗ್ಗೆ ಫೋನು ಮಾಡಿದ.

"ಥಂಡಿ ಬಂತೇನೋ?"

"ಇನ್ನೂ ಇಲ್ಲೋ ಮಾರಾಯ. ಬರತೈತಿ ತಡಿ."

"ಬರ್ಲಿ. ಈ ಸಲ ಏರಿನ ಮ್ಯಾಲ ಕುರ್ಚಿ ಬ್ಯಾಡಲೇ," ಎಂದ. "ಕೆಳಗ, ಏರು ಶುರು ಆಗೋ ಕಡೆ ಕುಂಡ್ರೂಣು. ಮುಂದ ಏನೈತಿ ಅನ್ನೋದು ಅವ್ರಿಗೆ ಅಲ್ಲೇ ಗೊತ್ತಾಗಬೇಕು."