ನಾಲ್ಕನೇ ಜ್ವರದಲ್ಲಿ ಕ್ರಿಸ್ಮಸ್ ಹಾಡು

ಹನ್ನೆರಡು ವರ್ಷ ನಾನು ರಾಕ್ ತಂಡವೊಂದರಲ್ಲಿ ಹಾಡಿದೆ. ಹಾಡಿದೆ ಎನ್ನುವುದು ನನ್ನ ಮಾತು. ಹುತ್ತೂರಿನ ಹತ್ತಿರ ರೇಷ್ಮೆಹುಳು ಸಾಕುವ ನನ್ನ ಸೋದರತ್ತೆಯ ಪ್ರಕಾರ ಅರಚಿದೆ. ಕೋಲಾರ, ಮಾಲೂರು, ಮುಳಬಾಗಿಲು, ಯಾವ ಕಾಲೇಜಿನ ವಾರ್ಷಿಕೋತ್ಸವವನ್ನೂ ನಾವು ಬಿಟ್ಟವರಲ್ಲ. ಶ್ರೀನಿವಾಸಪುರದ ಮಾವಿನ ಮಂಡಿಯ ಅಂಗಳದಲ್ಲೂ ಒಮ್ಮೆ ಹಾಡಿದ್ದೇನೆ. ಹರಾಜು ಕೂಗುವ ಒಬ್ಬರು, ಈ ದನಿ ನಮ್ಮ ಮಂಡಿಗೆ ಸಿಕ್ಕಿದ್ದರೆ ಎಂದು ಪೇಚಾಡಿದರು. ನಾನದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಆಮೇಲೆ ಗಂಟಲಿನಲ್ಲಿ ಗಂಟುಗಳೆದ್ದವು. ಆರು ತಿಂಗಳು ಹಾಡಬೇಡಿ, ಆಮೇಲೂ ಅರಚಬೇಡಿ ಎಂದರು ಡಾಕ್ಟರು. ಅತ್ತೆ ಇಷ್ಟು ವರ್ಷ ಹೇಳಿದ್ದನ್ನೇ ಅವರು ಬಿಳಿ ಕೋಟು ಹಾಕಿಕೊಂಡು ಹೇಳಿದರು, ಅಷ್ಟೇ. ತಂಡ ನನಗಾಗಿ ಕಾಯಲಿಲ್ಲ. ಮಾಲೂರಿನ ಹುಡುಗಿಯೊಬ್ಬಳನ್ನು ಸೇರಿಸಿಕೊಂಡಿತು. ಅವಳು ಬಹಳ ಚೆನ್ನಾಗಿ ಅರಚುತ್ತಾಳೆ, ನನ್ನ ಹೊಟ್ಟೆಕಿಚ್ಚಿಗೆ ಅದೇ ಕಾರಣ. ಆರು ತಿಂಗಳು ಕಳೆದು ಬಾಯಿ ಬಿಟ್ಟರೆ ತೆಳ್ಳಗಿನ ದನಿಯೊಂದು ಉಳಿದಿತ್ತು. ಅದನ್ನು ಯಾರಾದರೂ ನಿಂತು ಕೊನೆಯವರೆಗೆ ಕೇಳುತ್ತಾರೋ, ಇಲ್ಲ ನನ್ನ ಹಾಡು ಇಲ್ಲಿಗೆ ಮುಗಿಯಿತೋ ಎಂಬುದೇ ನನ್ನ ಭಯ.

ಒಬ್ಬಳೇ ಒಂದು ಆಲ್ಬಮ್ ಮಾಡೋಣ, ಅದೂ ಕ್ರಿಸ್ಮಸ್ ಹಾಡುಗಳದು ಎಂದು ನಿರ್ಧರಿಸಿದೆ. ನಮ್ಮದು ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆ. ಕ್ರಿಸ್ಮಸ್ಸಿಗೂ ನಮಗೂ ಎತ್ತಣಿಂದೆತ್ತ ಸಂಬಂಧ? ಆದರೆ ನಾನು ಓದಿದ್ದು ಕೋಲಾರದ ಮಿಷನ್ ಶಾಲೆಯಲ್ಲಿ. ಡಿಸೆಂಬರ್ ಬಂತೆಂದರೆ ಮನೆಮನೆಗೆ ಹಾಡುತ್ತಾ ಹೋಗುವ ಗುಂಪಿನಲ್ಲಿ ನಾನೂ ಇರುತ್ತಿದ್ದೆ. ಹೋದ ಮನೆಯಲ್ಲೆಲ್ಲ ಕೇಕು ಕೊಡುತ್ತಿದ್ದರು, ಹಾಗಾಗಿ ನನ್ನ ಭಕ್ತಿ ನಾಲಿಗೆಯಿಂದಲೇ ಶುರುವಾಯಿತು. ಅರಚದೆ ಹಾಡಿದ ಹಾಡೆಂದರೆ ನನಗೆ ಗೊತ್ತಿದ್ದುದು ಅವಷ್ಟೇ. ಅದೇ ಧಾಟಿಯಲ್ಲಿ ಎಂಟು ಹಾಡು ನಾನೇ ಬರೆದುಕೊಂಡೆ.

ಇನ್ನು ಹಾಡುವುದೆಲ್ಲಿ? ಕೋಲಾರದ ನನ್ನ ಬಾಡಿಗೆ ಮನೆಯೊಳಗೆ ಹೆದ್ದಾರಿಯ ಲಾರಿಗಳೆಲ್ಲ ಹಾದುಹೋಗುತ್ತವೆ. ಅತ್ತೆಯ ಹುಳುಮನೆ ಊರಾಚೆ ತೋಟದ ನಡುವೆ ಇದೆ, ಗೋಡೆಗೆಲ್ಲ ಗೋಣಿತಾಟು, ಮಾತಾಡಿದರೆ ಪ್ರತಿಧ್ವನಿಯೇ ಇಲ್ಲ. ಹುಳವಿಲ್ಲದಾಗ ಹೋಗಿ ನೋಡಿದೆ. ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಿದ್ದರು, ಎರಡು ನಿಮಿಷಕ್ಕೇ ಗಂಟಲು ಹಿಡಿಯಿತು. ಹುಳವಿದ್ದಾಗ ಅವು ಸೊಪ್ಪು ಮೇಯುವ ಸದ್ದು, ಹೊರಗೆ ಜಿಟಿಜಿಟಿ ಮಳೆ ಹಿಡಿದ ಹಾಗೆ. ಉಳಿದದ್ದು ಜ್ವರದ ದಿನವೊಂದೇ. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ಅದನ್ನು ಯಾರೂ ಅಲ್ಲಾಡಿಸಲೂಬಾರದು.

ನಾಲ್ಕನೇ ಜ್ವರದ ದಿನ ಒಳಗೆ ಬಿಡಲು ಅತ್ತೆ ಒಪ್ಪಿದಳು. ಷರತ್ತುಗಳು ಮಾತ್ರ ಒಂದೆರಡಲ್ಲ.

“ಪೌಡ್ರು, ಸೆಂಟು ಏನೂ ಹಾಕ್ಕೊಂಡು ಬರ್ಬೇಡ. ಕಾಲು ತೊಳ್ಕೊಂಡು ಬಾ. ಕಿರುಚಿದ್ಯೋ, ಮೈಕ್ ಸಮೇತ ಆಚೆಗಾಕ್ತೀನಿ. ಜ್ವರ ಬಂದೋರ ಮುಂದೆ ಯಾರಾನಾ ಕಿರುಚ್ತಾರಾ?”

“ಅವು ಹುಳ ಅತ್ತೆ.”

“ನೀನೂ ಜ್ವರ ಬಂದಾಗ ಹಂಗೇ ಮುದುರ್ಕೊಂಡಿರ್ತಿದ್ದೆ ಕಣೇ.”

ನವೆಂಬರಿನ ಒಂದು ಬೆಳಿಗ್ಗೆ ಮೈಕು, ಲ್ಯಾಪ್‌ಟಾಪು ಹೊತ್ತು ಒಳಹೊಕ್ಕೆ. ಬೋರ್‌ವೆಲ್ ಮೋಟರಿನ ಸದ್ದು ಬರಬಾರದೆಂದು ಗಾಳಿಕಿಂಡಿಗಳಿಗೆಲ್ಲ ಗೋಣಿಚೀಲ ತುರುಕಿದೆ. ತಟ್ಟೆಗಳ ತುಂಬ ಹುಳಗಳು ತಲೆ ಎತ್ತಿಕೊಂಡು ನಿಶ್ಚಲವಾಗಿದ್ದವು. ಇಷ್ಟು ಶಿಸ್ತಿನ ಶ್ರೋತೃಗಳು ಮುಳಬಾಗಿಲಿನಲ್ಲೂ ಸಿಕ್ಕಿರಲಿಲ್ಲ. ಅವುಗಳ ಭಯಕ್ಕೆ ದನಿ ತಗ್ಗಿಸಿ ಹಾಡಿದೆ. ತಗ್ಗಿಸಿದರೆ ಸ್ವರ ಜಾರುತ್ತಿತ್ತು, ಜಾರಿದ್ದಕ್ಕೆ ಮತ್ತೆ ಮತ್ತೆ ಹಾಡಿದೆ. ಹೊರಗೆ ಜಗುಲಿಯಲ್ಲಿ ಸೊಪ್ಪು ಹಸನು ಮಾಡುತ್ತಿದ್ದ ಅತ್ತೆ ಬಾಗಿಲಿನಿಂದ ಇಣುಕಿದಳು.

“ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ, ಎಷ್ಟ್ ಸಲ ಅದೇ ಹಾಡು?”

“ಮೈಕು ಸರಿಯಿಲ್ಲ ಅತ್ತೆ.”

“ಹೂಂ, ಕುಣೀಲಾರದೋಳಿಗೆ ನೆಲ ಡೊಂಕು,” ಎಂದು ತಲೆ ಹಿಂದಕ್ಕೆಳೆದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಏಳು ಹಾಡು ಮುಗಿದವು. ಬೆವರು ಧಾರಾಕಾರ. ಕಿಂಡಿ ಮುಚ್ಚಿದ್ದಕ್ಕೆ ಒಳಗೆ ಕಾವೇರಿದೆ, ಕಾವೇರಿದರೆ ಜ್ವರ ಬೇಗ ಬಿಡುತ್ತದೆ ಎಂಬುದು ರೇಷ್ಮೆಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲೇ ಇಲ್ಲ. ಮರುದಿನದವರೆಗೂ ಸಮಯವಿದೆ ಎಂದುಕೊಂಡು ಎಂಟನೆಯ ಹಾಡಿಗೆ ಕಣ್ಣು ಮುಚ್ಚಿದೆ. ಈ ಸಲ ಸ್ವರ ಜಾರಲಿಲ್ಲ. ದನಿ ಸಣ್ಣದೇ ಇತ್ತು, ಆದರೆ ಹೋಗಬೇಕಾದ ಕಡೆಗೆಲ್ಲ ಹೋಯಿತು.

ಕಣ್ಣು ಬಿಟ್ಟಾಗ ತಟ್ಟೆಗಳಲ್ಲಿ ಹುಳಗಳು ಮಿಜಿಮಿಜಿ ಹರಿದಾಡುತ್ತಿದ್ದವು. ಬಾಗಿಲಲ್ಲಿ ಅತ್ತೆ, ಸೊಂಟದ ಮೇಲೆ ಸೊಪ್ಪಿನ ಮಂಕರಿ. ಬೈಗುಳಕ್ಕೆ ಸಿದ್ಧಳಾದೆ.

“ಯಾವಾಗ ಬಂದ್ಯತ್ತೆ?”

“ಈ ಹಾಡು ಶುರು ಮಾಡಿದ್ಯಲ್ಲ, ಆವಾಗ್ಲೇ. ಹುಳ ಆಗ್ಲೇ ಎದ್ದಿದ್ವು. ಸೊಪ್ಪು ಹಾಕಿದ್ರೆ ಸದ್ದಾಗ್ತದಲ್ಲ, ಮುಗೀಲಿ ಅಂತ ನಿಂತ್ಕೊಂಡೆ.”

ಮಕ್ಕಳು ಊಟಕ್ಕೆ ಕಾಯಬಹುದು, ನೆಂಟರು ಕಾಯಬಹುದು, ಜ್ವರದಿಂದೆದ್ದ ಹುಳವನ್ನು ಅತ್ತೆ ಒಂದು ಗಳಿಗೆಯೂ ಕಾಯಿಸಿದ್ದು ನಾನು ಕಂಡಿಲ್ಲ. ನನಗೆ ಅಳು ಬಂತು, ಸಂತೋಷಕ್ಕೆ ಬಂತು, ತಡೆಯಲೂ ಇಲ್ಲ.

“ಇನ್ನೊಂದ್ ಸಲ ಹಾಡ್ಬೇಕಾ?” ಎಂದಳು, ಮಂಕರಿ ಇಳಿಸದೆ.

“ಬೇಡ ಅತ್ತೆ.”

“ಹಂಗಾದ್ರೆ ಸೊಪ್ಪು ಹಿಡಿ. ಹಸ್ಕೊಂಡವೆ.”